12 ಕ್ರೆಡಿಟ್ಟೋ, 13 ಕೋರ್ಸೋ? ಬಿಸಿನೆಸ್ ಎಕನಾಮಿಕ್ಸ್ ಪಿಎಚ್.ಡಿ.ಗೆ ಹೊರಟವರಿಗೆ

ಹೋದ ತಿಂಗಳು ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಎಂ.ಕಾಂ ಮುಗಿಸಿ ಎರಡು ವರ್ಷ ಆಗಿದೆ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಪಾಸಾಗಿದೆ, ಅದರಲ್ಲೇ ಮೇಲಿನ ಅಂಕದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಮಾತ್ರ ಸ್ವಲ್ಪದರಲ್ಲಿ ತಪ್ಪಿದೆ. "ಮೇಡಂ, ನಮ್ಮ ಯೂನಿವರ್ಸಿಟಿಯಲ್ಲೇ ರಿಜಿಸ್ಟ್ರೇಷನ್ ಮಾಡಿಸ್ಲಾ, ಐಐಎಂಗೆ ಟ್ರೈ ಮಾಡ್ಲಾ? ಅಣ್ಣ ಡೆನ್ಮಾರ್ಕ್ ಅಂತಾನೆ. ಅಮ್ಮ ಮದುವೆ ಅಂತಾರೆ."

ಕೊನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉಳಿದದ್ದರ ಬಗ್ಗೆ ಒಂದು ಗಂಟೆ ಮಾತಾಡಿದೆ. ಇದೇ ಪ್ರಶ್ನೆ ಇಟ್ಟುಕೊಂಡು ಬೇರೆಯವರೂ ಬರೆಯುತ್ತಿರುತ್ತಾರೆ, ಹಾಗಾಗಿ ಅಂದು ಆಡಿದ ಮಾತನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳುವುದು ಸಂಸ್ಥೆಯ ಹೆಸರು. ಆಮೇಲೆ ಸ್ಟೈಪೆಂಡ್. ಆಮೇಲೆ ಗೈಡ್ ಸಿಗ್ತಾರಾ ಅಂತ. ಕೋರ್ಸ್‌ವರ್ಕ್‌ನಲ್ಲಿ, ಅಂದರೆ ಪ್ರಬಂಧಕ್ಕೆ ಮುಂಚೆ ಓದಬೇಕಾದ ಪಾಠಗಳಲ್ಲಿ, ಏನು ಕಲಿಸುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಅದು ಮುಗಿಸಿ ಕೈ ತೊಳೆದುಕೊಳ್ಳಬೇಕಾದ ಶಾಸ್ತ್ರ ಅಂತಲೇ ನಾನೂ ಅಂದುಕೊಂಡಿದ್ದೆ. ಅದರ ಬೆಲೆ ಗೊತ್ತಾಗಿದ್ದು ವೈವಾ (ಪ್ರಬಂಧದ ಮೌಖಿಕ ಪರೀಕ್ಷೆ) ದಿನ.

ನನ್ನ ವಿಷಯ ಅಡಿಕೆ. ಸಹಕಾರ ಸಂಘಕ್ಕೆ ಅಡಿಕೆ ಹಾಕುವ ಬೆಳೆಗಾರರಿಗೆ ಹೊರಗಿನ ವ್ಯಾಪಾರಿಗೆ ಕೊಡುವವರಿಗಿಂತ ಒಳ್ಳೆಯ ರೇಟು ಸಿಗುತ್ತದಾ ಎಂಬುದು ಪ್ರಶ್ನೆ. ಮಲೆನಾಡಿನ ಇನ್ನೂರು ಚಿಲ್ಲರೆ ಮನೆ ಸುತ್ತಿ ಲೆಕ್ಕ ಬರೆದುಕೊಂಡು ಬಂದೆ. ಯಾವುದಕ್ಕೂ ಯಾವುದಕ್ಕೂ ಸಂಬಂಧ ಎಂದು ಅಳೆಯುವ ರಿಗ್ರೆಷನ್ ಲೆಕ್ಕ ಹಾಕಿದರೆ ಸದಸ್ಯತ್ವದ ಮುಂದೆ ಎರಡು ನಕ್ಷತ್ರ, ಅಂದರೆ ರೇಟಿಗೂ ಅದಕ್ಕೂ ಗಟ್ಟಿ ಸಂಬಂಧ ಇದೆ ಎಂಬ ಗುರುತು. ಖುಷಿಯೋ ಖುಷಿ. ಹೊರಗಿನಿಂದ ಬಂದ ಪರೀಕ್ಷಕರು ಆ ಟೇಬಲ್ ಮೇಲೆ ಬೆರಳಿಟ್ಟು ಕೇಳಿದರು: "ಸಂಘದಿಂದ ರೇಟು ಜಾಸ್ತಿ ಬಂತೋ, ಒಳ್ಳೆ ಅಡಿಕೆ ಇದ್ದವರೇ ಸಂಘ ಸೇರಿದರೋ? ಇದರಲ್ಲಿ ಹೇಗಮ್ಮ ಗೊತ್ತಾಗುತ್ತೆ?"

ಉತ್ತರ ನನ್ನ ಕಣ್ಣೆದುರೇ ಇತ್ತು. ಸಂಘದ ಸದಸ್ಯರ ಮನೆಗಳಲ್ಲಿ ದೊಡ್ಡ ಅಂಗಳ ಇತ್ತು, ಸುಲಿಯುವ ಯಂತ್ರ ಇತ್ತು, ರೇಟು ಏರುವ ತನಕ ಕಾಯುವ ತಾಕತ್ತಿತ್ತು. ಅರ್ಧ ಎಕರೆಯವರು ತೋಟವನ್ನೇ ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟು ಮಳೆಗಾಲದಲ್ಲೇ ಮುಂಗಡ ತಂದಿರುತ್ತಿದ್ದರು. ಅವರು ಸಂಘದ ಬಾಗಿಲಿಗೆ ಬರುವುದಾದರೂ ಹೇಗೆ? ಇದಕ್ಕೆ ಎಕನಾಮೆಟ್ರಿಕ್ಸ್‌ನಲ್ಲಿ (ಅರ್ಥಶಾಸ್ತ್ರದ ಪ್ರಶ್ನೆಗೆ ಅಂಕಿಅಂಶದಿಂದ ಉತ್ತರ ಹುಡುಕುವ ಶಾಸ್ತ್ರ) ಎಂಡೋಜಿನಿಟಿ ಎಂಬ ಹೆಸರಿದೆ, ಅದನ್ನು ಎದುರಿಸಲು ದಾರಿಗಳೂ ಇವೆ. ನನ್ನ ಕೋರ್ಸ್‌ವರ್ಕ್‌ನಲ್ಲಿ ಆ ಪದ ಒಂದು ಸಲವೂ ಬಂದಿರಲಿಲ್ಲ. ಅಂಕಿಅಂಶದ ಲೆಕ್ಕ ಮಾಡುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರನ್ನು ನಮಗೆ ಕರಿಹಲಗೆಯ ಮೇಲೆ ಬರೆದು ಕಲಿಸಿದ್ದರು! ಡಿಗ್ರಿ ಬಂತು, ಒಂದು ಅಧ್ಯಾಯ ತಿದ್ದಿಕೊಟ್ಟ ಮೇಲೆ. ಆದರೆ ಆ ಪ್ರಬಂಧದಿಂದ ಒಳ್ಳೆಯ ಜರ್ನಲ್‌ಗೆ ಒಂದು ಪೇಪರ್ ಕೂಡ ಹೋಗಲಿಲ್ಲ.

ಅಳೆಯುವುದು ಯಾವುದರಿಂದ

ನಾನು ಆ ಹುಡುಗಿಗೆ ಮೊದಲು ಕೇಳಿದ್ದು ಇದನ್ನೇ: ನಿನಗೆ ಗಣಿತ ಎಷ್ಟು ಬರುತ್ತೆ? ಬಿಸಿನೆಸ್ ಎಕನಾಮಿಕ್ಸ್ ಅಂದರೆ ಕಂಪನಿಗಳು, ಮಾರುಕಟ್ಟೆಗಳು, ಬೆಲೆ, ಸಾಲ, ಸ್ಪರ್ಧೆ ಇವುಗಳ ಅರ್ಥಶಾಸ್ತ್ರ. ಎಂ.ಕಾಂನಲ್ಲಿ ಅದನ್ನು ಮಾತಿನಲ್ಲಿ ಓದುತ್ತೇವೆ. ಸಂಶೋಧನೆಯ ಮಟ್ಟದಲ್ಲಿ ಅದೇ ವಿಷಯ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿಯ ಭಾಷೆಯಲ್ಲಿ ಬರುತ್ತದೆ. ಇದು ಕೈಯಲ್ಲಿಲ್ಲದವರಿಗೆ ಜಾಸ್ತಿ ಕೋರ್ಸ್ ಇರುವ ಕಡೆ ಮೊದಲ ವರ್ಷ ನರಕ. ಕಡಿಮೆ ಕೋರ್ಸ್ ಇರುವ ಕಡೆ ಹೋದರೆ ಅದೇ ಕಷ್ಟ ಐದು ವರ್ಷ ಬಿಟ್ಟು ವೈವಾದಲ್ಲಿ ಬರುತ್ತದೆ, ನನಗೆ ಬಂದ ಹಾಗೆ.

ಎರಡನೆಯದು ದುಡ್ಡು. ತಿಂಗಳಿಗೆ ಎಷ್ಟು ಅನ್ನುವುದಕ್ಕಿಂತ ಎಷ್ಟು ವರ್ಷದ ತನಕ ಅನ್ನುವುದು ಮುಖ್ಯ. ಮೂರನೆಯದು ನಿಮ್ಮ ವಯಸ್ಸು, ಕೆಲಸ, ಮನೆ. ನಾಲ್ಕನೆಯದನ್ನು ಜನ ನಾಚಿಕೊಂಡು ಹೇಳುವುದೇ ಇಲ್ಲ: ಇದೆಲ್ಲ ಯಾಕೆ? ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡಲಿಕ್ಕೋ, ಬಡ್ತಿಗೋ, ರಿಸರ್ಚ್ ಮಾಡಿಕೊಂಡೇ ಬದುಕಲಿಕ್ಕೋ?

ಬರೀ ಅಸಿಸ್ಟೆಂಟ್ ಪ್ರೊಫೆಸರ್ ಆಗಬೇಕು ಅಂತಿದ್ದರೆ ಒಂದು ನಿಮಿಷ ನಿಲ್ಲಿ. 2023ರ ಜುಲೈ 1ರಿಂದ ಆ ಹುದ್ದೆಯ ನೇರ ನೇಮಕಾತಿಗೆ ನೆಟ್ ಅಥವಾ ಸೆಟ್ (ರಾಜ್ಯ ಮಟ್ಟದ ಅದೇ ಥರದ ಪರೀಕ್ಷೆ) ಕನಿಷ್ಠ ಅರ್ಹತೆ, ಪಿಎಚ್.ಡಿ. ಕಡ್ಡಾಯವಲ್ಲ ಎಂದು ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿ ಹೇಳಿದೆ. ಪಿಎಚ್.ಡಿ. ಇದ್ದರೆ ಅನುಕೂಲ ಇದ್ದೇ ಇದೆ, ಅಸೋಸಿಯೇಟ್ ಪ್ರೊಫೆಸರ್ ಆಗಲು ಬೇಕೇ ಬೇಕು. ಆದರೆ ಕೆಲಸಕ್ಕೆ ಸೇರುವ ಮುಂಚೆಯೇ ಐದು ವರ್ಷ ಕೊಡಬೇಕಾ ಎಂಬುದನ್ನು ಯೋಚಿಸಿ.

ನಮ್ಮ ವಿಶ್ವವಿದ್ಯಾಲಯಗಳು

ಬಿಸಿನೆಸ್ ಎಕನಾಮಿಕ್ಸ್ ಎಂಬ ಬೋರ್ಡಿರುವ ವಿಭಾಗ ನಮ್ಮಲ್ಲಿ ಕಡಿಮೆ. ದೆಹಲಿ ವಿಶ್ವವಿದ್ಯಾಲಯದ ಸೌತ್ ಕ್ಯಾಂಪಸ್‌ನಲ್ಲಿ ಒಂದಿದೆ, ಈಗ ಅದರ ಹೆಸರಿಗೆ ಫೈನಾನ್ಸ್ ಕೂಡ ಸೇರಿದೆ. ಕರ್ನಾಟಕದಲ್ಲಿ ಈ ವಿಷಯ ಅರ್ಥಶಾಸ್ತ್ರ, ಕಾಮರ್ಸ್, ಎಂಬಿಎ ಈ ಮೂರು ವಿಭಾಗಗಳಲ್ಲಿ ಹಂಚಿಹೋಗಿದೆ. ಎಲ್ಲಿ ಸೇರುತ್ತೀರಿ ಎಂಬುದು ನಿಮ್ಮ ಎಂ.ಎ.ಯೋ ಎಂ.ಕಾಂಓ ಎಂಬುದರ ಮೇಲೆ ಹೋಗುತ್ತದೆ. ನೆಟ್‌ನಲ್ಲೂ ಹಾಗೇ. ಅರ್ಥಶಾಸ್ತ್ರದ ಪತ್ರಿಕೆಯ (ಕೋಡ್ 01) ಹೆಸರಲ್ಲೇ ಬಿಸಿನೆಸ್ ಎಕನಾಮಿಕ್ಸ್ ಸೇರಿದೆ. ಕಾಮರ್ಸ್ ಪತ್ರಿಕೆಯಲ್ಲಿ (ಕೋಡ್ 08) ಅದು ಒಂದು ಘಟಕ.

ನಿಯಮ ಎಲ್ಲ ಕಡೆ ಒಂದೇ: ಯುಜಿಸಿಯ 2022ರ ಪಿಎಚ್.ಡಿ. ನಿಯಮಾವಳಿ. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅದರಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಕುರಿತ ಪೇಪರ್ ಕಡ್ಡಾಯ. ಪಾಸಾಗಲು ಶೇ. 55 ಬೇಕು. ಒಂದು ಕ್ರೆಡಿಟ್ಟಿಗೆ 15 ಗಂಟೆ ಪಾಠ ಎಂದು ಹಿಡಿದರೆ ಎಲ್ಲ ಸೇರಿ 180 ಗಂಟೆ. ನೀತಿಯ ಪೇಪರ್ ಮತ್ತು ರಿಸರ್ಚ್ ಮೆಥಡಾಲಜಿ ಕಳೆದರೆ, ನಿಮ್ಮ ವಿಷಯಕ್ಕೆಂದು ಉಳಿಯುವುದು ಒಂದೋ ಎರಡೋ ಪೇಪರ್. ಮೈಕ್ರೋ ಎಕನಾಮಿಕ್ಸ್ ಆಗಲಿ ಎಕನಾಮೆಟ್ರಿಕ್ಸ್ ಆಗಲಿ ಮೊದಲಿನಿಂದ ಕಲಿಯಲು ಈ ಜಾಗ ಸಾಲದು.

ಆದರೆ ಈ ನಿಯಮದಲ್ಲೇ ಒಂದು ಕಿಟಕಿ ಇದೆ. ನಿಮ್ಮ ಸಂಶೋಧನಾ ಸಲಹಾ ಸಮಿತಿ ಒಪ್ಪಿದರೆ ಯುಜಿಸಿ ಮಾನ್ಯ ಮಾಡಿದ ಆನ್‌ಲೈನ್ ಕೋರ್ಸ್‌ಗಳನ್ನೂ ಕ್ರೆಡಿಟ್ಟಿಗೆ ಸೇರಿಸಿಕೊಳ್ಳಬಹುದು. ಇದನ್ನು ಬಳಸುವವರು ಕಡಿಮೆ. ಎಕನಾಮೆಟ್ರಿಕ್ಸ್‌ನ ಒಂದು ಗಟ್ಟಿ ಕೋರ್ಸ್ ಹುಡುಕಿಕೊಂಡು ಹೋಗಿ ಗೈಡ್ ಮುಂದೆ ಇಡಿ. ಹೆಚ್ಚಿನವರು ಬೇಡ ಅನ್ನುವುದಿಲ್ಲ, ಅವರಿಗೂ ಒಂದು ಪೇಪರ್ ಪಾಠ ಉಳಿಯುತ್ತದಲ್ಲ.

ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿಕೊಂಡರೆ 8ರ ತನಕ. ಮಹಿಳೆಯರಿಗೆ, ಶೇ. 40ಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೆ ಇನ್ನೂ 2 ವರ್ಷ. ಹೆರಿಗೆ ಮತ್ತು ಮಗುವಿನ ಆರೈಕೆಗೆ ಒಟ್ಟು 240 ದಿನ ರಜೆ ಇದೆ. (ಫೋನಿನಲ್ಲಿ ಇದನ್ನು ಹೇಳಿದಾಗ, "ಅಮ್ಮನಿಗೆ ಹೇಳ್ಬೇಡಿ ಮೇಡಂ" ಅಂದಳು.) 2016ರ ನಿಯಮದಲ್ಲಿ ಪ್ರಬಂಧ ಸಲ್ಲಿಸುವ ಮುಂಚೆ ಒಂದು ಪೇಪರ್ ಪ್ರಕಟವಾಗಿರಲೇಬೇಕಿತ್ತು. ಈಗ ಯುಜಿಸಿಯ ಮಟ್ಟದಲ್ಲಿ ಆ ಷರತ್ತು ಇಲ್ಲ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಹಾಕಿರಬಹುದು, ಕೇಳಿಕೊಳ್ಳಿ.

ಪಾರ್ಟ್‌ಟೈಮ್ ಮಾಡಬಹುದು. ಕೆಲಸ ಮಾಡುವ ಕಡೆಯಿಂದ ಎನ್‌ಒಸಿ ತರಬೇಕು. ನಾನು ಮಾಡಿದ್ದು ಹೀಗೇ, ಸಂಬಳ ನಿಲ್ಲಲಿಲ್ಲ. ಕೋರ್ಸ್‌ವರ್ಕ್‌ಗೆ ಮಾತ್ರ ಎದುರಿಗೆ ಕೂರಲೇಬೇಕು, ಇದ್ದಬದ್ದ ರಜೆಯೆಲ್ಲ ಅದಕ್ಕೇ ಹೋಯಿತು.

ದುಡ್ಡಿನ ವಿಚಾರ ಪೂರ್ತಿ ಜೆಆರ್‌ಎಫ್ ಮೇಲೆ ನಿಂತಿದೆ. ಅದಿದ್ದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆಮೇಲೆ ಎಸ್‌ಆರ್‌ಎಫ್ (ಅದರ ಹಿರಿಯ ಹಂತ) ಆದರೆ 42,000. ಮನೆಬಾಡಿಗೆ ಭತ್ಯೆ ಬೇರೆ. ವಯಸ್ಸಿನ ಮಿತಿ 30, ಹೆಣ್ಣುಮಕ್ಕಳಿಗೆ 5 ವರ್ಷ ಸಡಿಲಿಕೆ. ಜೆಆರ್‌ಎಫ್ ಸಿಗದೆ ನೆಟ್ ಮಾತ್ರ ಆದವರು, ಅಥವಾ ಪಿಎಚ್.ಡಿ. ಪ್ರವೇಶಕ್ಕಷ್ಟೇ ಅರ್ಹರಾದವರು, ಆ ಅಂಕ ಹಿಡಿದುಕೊಂಡು ಅರ್ಜಿ ಹಾಕಬಹುದು. ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ. ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ, ಹಾಗಾಗಿ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಸ್ಟೈಪೆಂಡ್ ಇಲ್ಲದೆ ರಾಜ್ಯ ವಿಶ್ವವಿದ್ಯಾಲಯದಲ್ಲಿ ಫುಲ್‌ಟೈಮ್ ಸೇರಿಕೊಂಡವರನ್ನು ನೋಡಿದ್ದೇನೆ. ಮೂರನೇ ವರ್ಷಕ್ಕೆ ಅತಿಥಿ ಉಪನ್ಯಾಸಕರಾಗಿ ಎರಡು ಕಾಲೇಜಿಗೆ ಓಡಾಡುತ್ತಿರುತ್ತಾರೆ, ಪ್ರಬಂಧ ಕಪಾಟಿನಲ್ಲಿ ಕೂತಿರುತ್ತದೆ.

ಗೈಡ್ ಬಗ್ಗೆ ಇಷ್ಟು ಸಾಕು: ಪ್ರೊಫೆಸರ್ ಒಬ್ಬರು ಒಂದು ಕಾಲಕ್ಕೆ 8 ಜನರನ್ನು, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನರನ್ನು ತೆಗೆದುಕೊಳ್ಳಬಹುದು. ಅವರ ಹತ್ತಿರ ಈಗ ಎಷ್ಟು ಜನ ಇದ್ದಾರೆ, ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು ಎಂದು ಅವರ ವಿದ್ಯಾರ್ಥಿಗಳನ್ನೇ ಕೇಳಿ. ಕ್ಯಾಂಟೀನಿನಲ್ಲಿ ಕೇಳಿ, ಡಿಪಾರ್ಟ್‌ಮೆಂಟ್ ಒಳಗೆ ಬೇಡ.

ಇದೇ ನಿಯಮದ ಒಳಗೆ ಸ್ವಲ್ಪ ಬೇರೆ ಥರ ನಡೆಯುವ ಸಂಸ್ಥೆಗಳೂ ಇವೆ. ಬೆಂಗಳೂರಿನ ನಾಗರಭಾವಿಯಲ್ಲಿರುವ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಅಂಥದ್ದು, 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ್ದು. ಅಲ್ಲಿ ಆರು ತಿಂಗಳಿಗೊಮ್ಮೆ ಸೆಮಿನಾರ್ ಇರುತ್ತದೆ, ಪ್ರತಿಯೊಬ್ಬ ಸಂಶೋಧಕರೂ ತಮ್ಮ ಕೆಲಸವನ್ನು ಎಲ್ಲರ ಮುಂದೆ ಇಡಬೇಕು. ನನ್ನ ಅಡಿಕೆ ಟೇಬಲ್ ಅಲ್ಲಿ ಇಟ್ಟಿದ್ದರೆ ಎರಡನೇ ವರ್ಷವೇ ಯಾರಾದರೂ ಹಿಡಿಯುತ್ತಿದ್ದರು. ಸಹಕಾರ ಸಂಘ, ಕೃಷಿ ಮಾರುಕಟ್ಟೆ, ಸಣ್ಣ ಉದ್ಯಮ ಇಂಥ ಕರ್ನಾಟಕದ ವಿಷಯ ಇಟ್ಟುಕೊಂಡವರು ಐಐಎಂಗಿಂತ ಮೊದಲು ಇಲ್ಲಿ ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಐಐಎಂ

ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರಿನಲ್ಲಿ ಅರ್ಥಶಾಸ್ತ್ರ ಪಿಎಚ್.ಡಿ.ಯ ಒಂದು ವಿಭಾಗ. ಮುಂಚೆ ಇವರು ಕೊಡುತ್ತಿದ್ದುದು ಫೆಲೋ ಎಂಬ ಬಿರುದು. 2017ರ ಐಐಎಂ ಕಾಯ್ದೆ 2018ರ ಜನವರಿ 31ರಂದು ಜಾರಿಗೆ ಬಂದ ಮೇಲೆ ಪದವಿಯನ್ನೇ ಕೊಡುತ್ತಿದ್ದಾರೆ. "ಫೆಲೋ ಅಂದ್ರೆ ಪಿಎಚ್.ಡಿ.ಗೆ ಸಮಾನವೇ?" ಎಂದು ಇಂದಿಗೂ ಕೇಳುವವರಿಗೆ ಇದು ಉತ್ತರ.

ಇಲ್ಲಿ ಕೋರ್ಸ್‌ವರ್ಕ್ ಎಂದರೆ ಹೆಚ್ಚುಕಡಿಮೆ ಎರಡು ವರ್ಷ. ಸಿದ್ಧಾಂತ, ಎಕನಾಮೆಟ್ರಿಕ್ಸ್ ಮಾತ್ರವಲ್ಲದೆ ಮ್ಯಾನೇಜ್‌ಮೆಂಟಿನ ಬೇರೆ ವಿಷಯಗಳೂ ಇರುತ್ತವೆ. ಅದಾದ ಮೇಲೆ ಅರ್ಹತಾ ಪರೀಕ್ಷೆ. ಅದರಲ್ಲಿ ದಾಟಿದವರಿಗಷ್ಟೇ ಪ್ರಬಂಧ. ನಮ್ಮ ಕಡೆ ರಿಜಿಸ್ಟ್ರೇಷನ್ ದಿನವೇ ವಿಷಯ, ಗೈಡ್, ಶೀರ್ಷಿಕೆ ಎಲ್ಲ ತಲೆಗೆ ಕಟ್ಟಿರುತ್ತಾರೆ. ಅಲ್ಲಿ ಕಲಿತು, ನೋಡಿ, ಆಮೇಲೆ ವಿಷಯ ಹಿಡಿಯಬಹುದು. ನನಗೆ ಹೊಟ್ಟೆಕಿಚ್ಚಾಗುವುದು ಇದೊಂದು ವಿಷಯಕ್ಕೆ.

ಫೀಸ್ ಕಟ್ಟಬೇಕಿಲ್ಲ, ಸ್ಟೈಪೆಂಡ್ ಸೇರಿದವರಿಗೆಲ್ಲ ಇದೆ. ಪ್ರವೇಶಕ್ಕೆ ಕ್ಯಾಟ್, ಜಿಆರ್‌ಇ, ಜಿಮ್ಯಾಟ್ ಇಂಥ ಪರೀಕ್ಷೆಯ ಅಂಕ ಬೇಕು, ಆಮೇಲೆ ಸಂದರ್ಶನ. ಕ್ಯಾಟ್ ನವೆಂಬರ್ ಕೊನೆಗೆ ಬರುತ್ತದೆ, ಆಗಸ್ಟಿನಿಂದಲೇ ಅರ್ಜಿ ಶುರು. ಒಂದೇ ತೊಂದರೆ ಅಂದರೆ ಇದು ಪೂರ್ತಿ ಫುಲ್‌ಟೈಮ್. ಕೆಲಸ ಬಿಡಬೇಕು, ಐದು ವರ್ಷದ ಹತ್ತಿರ ಲೆಕ್ಕ ಹಾಕಿಕೊಳ್ಳಬೇಕು. ಮನೆಗೆ ತಿಂಗಳಾ ತಿಂಗಳಾ ದುಡ್ಡು ಕಳಿಸಬೇಕಾದವರಿಗೆ ಆ ಸ್ಟೈಪೆಂಡ್ ಬೆಂಗಳೂರಿನ ಖರ್ಚಿನ ಮುಂದೆ ದೊಡ್ಡದಾಗಿ ಕಾಣುವುದಿಲ್ಲ.

ಡೆನ್ಮಾರ್ಕ್

ಅಣ್ಣ ಹೇಳಿದ್ದು ಸುಮ್ನೆ ಅಲ್ಲ. ಆರ್ಹುಸ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಮತ್ತು ಬಿಸಿನೆಸ್ ಎಕನಾಮಿಕ್ಸ್ ಎಂದೇ ಹೆಸರಿಟ್ಟ ವಿಭಾಗ ಇದೆ. ಡೆನ್ಮಾರ್ಕಿನ ಪಿಎಚ್.ಡಿ. 180 ಇಸಿಟಿಎಸ್ (ಯುರೋಪಿನ ಕ್ರೆಡಿಟ್ ಲೆಕ್ಕ), ಅಂದರೆ 3 ವರ್ಷ. ಅದರಲ್ಲಿ ಕೋರ್ಸ್‌ಗಳಿಗೆ ಸುಮಾರು 30. ವರ್ಷಕ್ಕೆ 60 ಇಸಿಟಿಎಸ್ ಲೆಕ್ಕ, ಹಾಗಾಗಿ ಇದು ಅರ್ಧ ವರ್ಷದ ಓದು. ಜೊತೆಗೆ ಪಾಠ ಮಾಡಬೇಕು, ಸ್ವಲ್ಪ ಕಾಲ ಬೇರೊಂದು ಸಂಶೋಧನಾ ಸಂಸ್ಥೆಯಲ್ಲಿ ಇದ್ದು ಬರಬೇಕು.

ಅರ್ಧ ವರ್ಷ ಎಂದು ಕೇಳಿದಾಗ ನಮ್ಮ ಕೋರ್ಸ್‌ವರ್ಕ್ ಥರವೇ ಅನ್ನಿಸುತ್ತದೆ, ಅಲ್ವಾ? ಇಲ್ಲೇ ಜನ ಮೋಸ ಹೋಗುವುದು. ಅಲ್ಲಿ ಕಡಿಮೆ ಕೋರ್ಸ್ ಇಟ್ಟಿರುವುದು, ಸೇರುವವರು ಎರಡು ವರ್ಷದ ಮಾಸ್ಟರ್ಸ್‌ನಲ್ಲೇ ಎಕನಾಮೆಟ್ರಿಕ್ಸ್ ಅರೆದು ಕುಡಿದು ಬಂದಿರುತ್ತಾರೆ ಎಂಬ ನಂಬಿಕೆಯ ಮೇಲೆ. ಗಣಿತ ಕಡಿಮೆ ಇರುವ ನಮ್ಮ ಎಂ.ಕಾಂ ಹಿಡಿದುಕೊಂಡು ಹೋದರೆ ಆಯ್ಕೆ ಆಗುವುದೇ ಕಷ್ಟ. ಅಡಿಪಾಯ ಗಟ್ಟಿ ಇದ್ದವರಿಗೆ ಮಾತ್ರ ಇದು ಚಿನ್ನದಂಥ ಅವಕಾಶ. ಸಂಶೋಧನಾ ವಿದ್ಯಾರ್ಥಿ ಅಲ್ಲಿ ನೌಕರ, ಒಪ್ಪಂದದ ಸಂಬಳ, ಪಿಂಚಣಿ ವಂತಿಗೆ ಎಲ್ಲ ಇರುತ್ತದೆ. ತೆರಿಗೆಯೂ ಇರುತ್ತದೆ. ಮೂರು ವರ್ಷ ಅಂದರೆ ಮೂರೇ ವರ್ಷ, ಆಮೇಲೆ ಸಂಬಳ ನಿಲ್ಲುತ್ತದೆ.

ಹಾರ್ವರ್ಡ್

ಬಿಸಿನೆಸ್ ಎಕನಾಮಿಕ್ಸ್ ಪಿಎಚ್.ಡಿ. ಎಂದು ಹುಡುಕಿದರೆ ಮೊದಲು ಬರುವುದು ಇದೇ, ಹಾಗಾಗಿ ಬಿಡುವಂತಿಲ್ಲ. ಬಿಸಿನೆಸ್ ಸ್ಕೂಲ್ ಮತ್ತು ಅರ್ಥಶಾಸ್ತ್ರ ವಿಭಾಗ ಸೇರಿ ನಡೆಸುವ ಕಾರ್ಯಕ್ರಮ. ಎರಡರ ನಡುವೆ ಚಾರ್ಲ್ಸ್ ನದಿ ಇದೆ, ವಿದ್ಯಾರ್ಥಿಗಳು ಸೇತುವೆ ದಾಟಿ ಓಡಾಡುತ್ತಾರೆ. ಡಾಕ್ಟರೇಟ್ ಮಟ್ಟದ ಕನಿಷ್ಠ 13 ಸೆಮಿಸ್ಟರ್ ಕೋರ್ಸ್, ಜೊತೆಗೆ ಎಂಬಿಎಯ ಎರಡು ಐಚ್ಛಿಕ ಕೋರ್ಸ್. ವಾರಕ್ಕೆ ಮೂರು ಗಂಟೆ ಎಂದಿಟ್ಟುಕೊಂಡರೂ ಪಾಠದ ಗಂಟೆಗಳೇ 400 ದಾಟುತ್ತವೆ. ನಮ್ಮದು 180, ನೆನಪಿರಲಿ. ಮೈಕ್ರೋ, ಎಕನಾಮೆಟ್ರಿಕ್ಸ್ ಪಾಠವನ್ನು ಅರ್ಥಶಾಸ್ತ್ರದ ಪಿಎಚ್.ಡಿ.ಯವರ ಜೊತೆ ಕೂತೇ ಕೇಳಬೇಕು. ಎಂಬಿಎ ಕೋರ್ಸ್ ಇಟ್ಟಿರುವುದು ನನಗೆ ಇಷ್ಟವಾಯಿತು. ಕಂಪನಿ ಬಗ್ಗೆ ಸಮೀಕರಣ ಬರೆಯುವವರು ಕಂಪನಿ ನಡೆಸಲು ಹೊರಟವರ ಪಕ್ಕ ಒಂದಿಷ್ಟು ದಿನ ಕೂರಲಿ.

ಫೀಸ್, ಸ್ಟೈಪೆಂಡ್ ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಸೀಟು ಬೆರಳೆಣಿಕೆ. ಅರ್ಜಿ ಹಾಕುವವರಲ್ಲಿ ಬಹಳ ಜನ ಮೊದಲೇ ಒಂದೆರಡು ವರ್ಷ ಪ್ರೊಫೆಸರ್‌ಗಳ ಹತ್ತಿರ ರಿಸರ್ಚ್ ಅಸಿಸ್ಟೆಂಟ್ ಆಗಿರುತ್ತಾರೆ. ಇದಕ್ಕೆ ಪ್ರಿ-ಡಾಕ್ ಅನ್ನುತ್ತಾರೆ. ನಮ್ಮಲ್ಲೂ ಐಐಎಂಗಳು, ಬಡತನದ ಬಗ್ಗೆ ಸಂಶೋಧನೆ ಮಾಡುವ ಜೆ-ಪಾಲ್ ಸೌತ್ ಏಷ್ಯಾದಂಥ ಸಂಸ್ಥೆಗಳು ಇಂಥ ಕೆಲಸಕ್ಕೆ ಜನರನ್ನು ತೆಗೆದುಕೊಳ್ಳುತ್ತವೆ. ಸಂಬಳ ಬರುತ್ತದೆ, ಡೇಟಾ ಕೆಲಸ ಕೈಗೆ ಹತ್ತುತ್ತದೆ, ಪಿಎಚ್.ಡಿ. ನಮಗೆ ಆಗಿಬರುತ್ತಾ ಎಂಬುದೂ ತಿಳಿಯುತ್ತದೆ. ವಿದೇಶದ ಆಸೆ ಇಲ್ಲದವರಿಗೂ ನಾನು ಇದನ್ನು ಹೇಳುತ್ತೇನೆ.

ಮೊಬೈಲಿಗೆ ಬರುವ "ಕೆಲಸ ಬಿಡದೆ ಮನೆಯಲ್ಲೇ ಡಾಕ್ಟರೇಟ್" ಜಾಹೀರಾತುಗಳಿಗೆ ಮಾತ್ರ ದುಡ್ಡು ಹಾಕಬೇಡಿ. ಆನ್‌ಲೈನ್ ಮತ್ತು ದೂರಶಿಕ್ಷಣದ ಪಿಎಚ್.ಡಿ.ಗೆ ಯುಜಿಸಿ ಮಾನ್ಯತೆ ಇಲ್ಲ. ಎಡ್‌ಟೆಕ್ ಕಂಪನಿಗಳು ವಿದೇಶಿ ಸಂಸ್ಥೆಗಳ ಜೊತೆ ಸೇರಿ ಮಾರುವ ಆನ್‌ಲೈನ್ ಪಿಎಚ್.ಡಿ. ನಡೆಯುವುದಿಲ್ಲ ಎಂದು 2022ರ ಅಕ್ಟೋಬರ್‌ನಲ್ಲಿ ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಎರಡೂ ಸೇರಿ ಹೇಳಿವೆ.

ಯಾರಿಗೆ ಯಾವುದು

ಕಾಯಂ ಕೆಲಸ ಇದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಬೇಕಾಗಿರುವುದು ಬಡ್ತಿ: ಹತ್ತಿರದ ವಿಶ್ವವಿದ್ಯಾಲಯ, ಪಾರ್ಟ್‌ಟೈಮ್. ಎಕನಾಮೆಟ್ರಿಕ್ಸ್ ಆನ್‌ಲೈನ್ ಕೋರ್ಸನ್ನು ಮಾತ್ರ ಬಿಡಬೇಡಿ. ಜೆಆರ್‌ಎಫ್ ಕೈಯಲ್ಲಿದ್ದರೆ ನೀವೇ ರಾಜರು, ಗೈಡ್ ನೋಡಿ ಸಂಸ್ಥೆ ಆರಿಸಿ, ಐಸೆಕ್ ಥರದ ಕಡೆಗೂ ಅರ್ಜಿ ಹಾಕಿ. ವಯಸ್ಸು 27ರ ಒಳಗೆ, ಗಣಿತ ಅಂದರೆ ಭಯ ಇಲ್ಲ, ಐದು ವರ್ಷ ಮನೆಯವರು ಕೈ ಚಾಚುವುದಿಲ್ಲ ಅಂತಿದ್ದರೆ ಐಐಎಂ ಬಿಟ್ಟು ಬೇರೆ ನೋಡಬೇಡಿ. ಗಣಿತ, ಸ್ಟಾಟಿಸ್ಟಿಕ್ಸ್ ಅಥವಾ ಎಂಜಿನಿಯರಿಂಗ್ ಓದಿ ಈ ಕಡೆ ಬಂದವರು ಒಂದೆರಡು ವರ್ಷ ಪ್ರಿ-ಡಾಕ್ ಮಾಡಿ ಹೊರದೇಶಕ್ಕೆ ಕೈಹಾಕಬಹುದು. ಜೆಆರ್‌ಎಫ್ ಇಲ್ಲ, ಕೆಲಸ ಇಲ್ಲ, ಮನೆಯಲ್ಲಿ ಅನುಕೂಲ ಇಲ್ಲ ಅಂದರೆ ಈ ವರ್ಷ ಎಲ್ಲೂ ಸೇರಬೇಡಿ. ನೆಟ್ ವರ್ಷಕ್ಕೆ ಎರಡು ಸಲ ಬರುತ್ತದೆ. ಇನ್ನೊಂದು ಸಲ ಬರೆಯಿರಿ. ಆದರೆ ಆ ಪರೀಕ್ಷೆಯೊಂದನ್ನೇ ನಂಬಿ ಕೂರಬೇಡಿ. 2024ರ ಜೂನ್ 18ರಂದು ಬರೆದದ್ದನ್ನು ಮರುದಿನವೇ ರದ್ದು ಮಾಡಿದ್ದರು.

ಅರ್ಜಿ ಹಾಕುವ ಮುಂಚೆ ಪ್ರತಿ ಕಡೆಯಿಂದಲೂ ಕೋರ್ಸ್‌ವರ್ಕ್‌ನ ಸಿಲಬಸ್ ಮತ್ತು ಹೋದ ವರ್ಷದ ಪ್ರಶ್ನೆಪತ್ರಿಕೆ ತರಿಸಿಕೊಳ್ಳಿ. ಪ್ರಶ್ನೆಪತ್ರಿಕೆ ಸಿಲಬಸ್‌ಗಿಂತ ನಿಜ ಹೇಳುತ್ತದೆ. "ಸಂಶೋಧನೆ ಎಂದರೇನು? ಅದರ ಲಕ್ಷಣಗಳನ್ನು ವಿವರಿಸಿ" ಎಂದು ಇದ್ದರೆ ಒಂದು ಥರ, ಡೇಟಾ ಕೊಟ್ಟು "ಈ ತೀರ್ಮಾನ ಯಾಕೆ ತಪ್ಪಿರಬಹುದು?" ಎಂದು ಇದ್ದರೆ ಇನ್ನೊಂದು ಥರ.

ನನ್ನ ವಿದ್ಯಾರ್ಥಿನಿ ಎರಡು ಕಡೆಯ ಪ್ರಶ್ನೆಪತ್ರಿಕೆ ತರಿಸಿಕೊಂಡು ಮೊನ್ನೆ ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಕೆಳಗೆ ಒಂದೇ ಸಾಲು: "ಮೇಡಂ, ಎರಡನೇದ್ರಲ್ಲಿ ನನಗೆ ಒಂದು ಪ್ರಶ್ನೆನೂ ಬರಲ್ಲ. ಅಲ್ಲಿಗೇ ಹಾಕ್ತೀನಿ." ಈಗ ರಾತ್ರಿ ಊಟ ಆದಮೇಲೆ ಒಂದು ಗಂಟೆ ಮ್ಯಾಟ್ರಿಕ್ಸ್ ಲೆಕ್ಕ ಮಾಡುತ್ತಿದ್ದಾಳಂತೆ. ಕ್ಯಾಟ್‌ಗೂ ಫೀಸ್ ಕಟ್ಟಿದ್ದಾಳೆ.